ಎಂಜಲು

ಹತ್ತಿಯನ್ನು ಕಡ್ಡಿಯ ತುದಿಗೆ ಸುತ್ತಿ
ನಾಲಗೆಯ ಮೇಲೊಮ್ಮೆ ಹೊರಳಿಸಿ ಒರೆಸುತ್ತೇನೆ.
ಐನೂರು ವರ್ಷದ ಮೇಣದ ಹೊಗೆಗೆ
ಉಗುಳಿಗಿಂತ ಹದವಾದ ಮದ್ದಿಲ್ಲ,
ಇದ್ದರೂ ಈ ಊರಿನ ಚರ್ಚಿಗೆ ಅದರ ಬೆಲೆ ಎಟುಕದು.

ಕೀಲಿಕೈ ಕಾಯುವ ಎವಾಜಿಯೊ
ಮೊದಲ ದಿನ ಮುಖ ತಿರುಗಿಸಿಕೊಂಡ:
"ದೇವರ ತಾಯಿಯ ಮೈಗೆ
ನಿನ್ನ ಎಂಜಲೇ, ನೀವೆಸ್?"
ಎರಡನೆಯ ದಿನ ಹೀಟರು ತಂದಿಟ್ಟ.
ಮೂರನೆಯ ದಿನ ಕುರ್ಚಿ ಎಳೆದುಕೊಂಡು ಕೂತ.

ಹೊರಗೆ ವೆರ್ಚೆಲ್ಲಿಯ ಭತ್ತದ ಬಯಲು,
ಕೊಯ್ಲು ಮುಗಿದ ಕೂಳೆಯ ಮೇಲೆ ಮಂಜು,
ಮಂಜಿನೊಳಗೆ ಎಲ್ಲೋ ಒಂದು ಟ್ರ್ಯಾಕ್ಟರು
ಕೆಮ್ಮಿ ಸುಮ್ಮನಾಯಿತು.

ಒಳಗೆ, ಹಲಗೆಯ ಮೇಲೆ, ಎಣ್ಣೆಬಣ್ಣದ ಇರುಳು.
ಎತ್ತನ್ನು ಬರೆದವನು ಎತ್ತು ಸಾಕಿದವನು,
ಮೂಗಿನ ತೇವ ನೋಡಿದರೆ ತಿಳಿಯುತ್ತದೆ;
ಕತ್ತೆಯನ್ನು ಮಾತ್ರ ಯಾರಿಂದಲೋ ಕೇಳಿ ಬರೆದಿದ್ದಾನೆ.
ಜೋಸೆಫ್ ಗಲ್ಲಕ್ಕೆ ಕೈಯಿಟ್ಟು ಕೂತಿದ್ದಾನೆ,
ಇಷ್ಟು ಜನ ಕುರುಬರನ್ನು
ಎಲ್ಲಿ ಮಲಗಿಸಲಿ ಎಂದು ಯೋಚಿಸುವವನ ಹಾಗೆ.
ಕೂಸು ನೆಲದ ಮೇಲೆ, ಬರಿಮೈ,
ತಾಯಿಯ ನೀಲಿ ನಿಲುವಂಗಿಯ ಅಂಚಿನಲ್ಲಿ.
ನೀಲಿ ಈಗ ಪಾಚಿಗಟ್ಟಿದ ಹಸಿರು.
ಅಗ್ಗದ ನೀಲಿಗೆ ವಯಸ್ಸಾಗುವುದು ಹಾಗೇ.

ಬಲಮೂಲೆಯಲ್ಲಿ ಬರೀ ಕಂದು.
ಏನೂ ಇಲ್ಲದ ಕಡೆ ಯಾರೂ
ಇಷ್ಟು ದಪ್ಪ ಬಳಿಯುವುದಿಲ್ಲ.
ಅದಕ್ಕೆ ಉಗುಳು ಸಾಲದು; ಘಾಟು ದ್ರಾವಣ ಬೇಕು,
ಚೂರಿಯ ಮೊನೆ, ಬಿಗಿಹಿಡಿದ ಉಸಿರು.

ಗುರುವಾರ ಒಂದು ಉಗುರು ಬಂತು.
ಆಮೇಲೆ ತಾಮ್ರದ ಬೋಗುಣಿಯ ಅಂಚು,
ಮೇಲಕ್ಕೆ ಸುತ್ತಿದ ತೋಳು,
ಬಿಸಿ ಹದವೋ ಎಂದು ನೋಡಲು
ನೀರಿಗಿಳಿದ, ಕೆಂಪೇರಿದ ಮೊಣಕೈ.

ಸೂಲಗಿತ್ತಿ.
ಕನ್ನೆ ನೋವಿಲ್ಲದೆ ಹೆತ್ತಳು, ಇವಳ ಹಂಗೇಕೆ ಎಂದು
ಯಾವನೋ ಪಾದ್ರಿ ಹೇಳಿರಬೇಕು;
ಯಾವನೋ ಬಣ್ಣಗಾರ ಒಂದು ಹೊತ್ತಿನ ಕೂಲಿಗೆ
ಅವಳನ್ನು ಕತ್ತಲೆ ಮಾಡಿ ಮನೆಗೆ ಹೋದ.

ಎವಾಜಿಯೊ ಎದ್ದು ಹತ್ತಿರ ಬಂದ.
ಬಹಳ ಹೊತ್ತು ಮೊಣಕೈಯನ್ನೇ ನೋಡಿದ.
"ಚೆಸಿರಾ ಅಂತ ಒಬ್ಬಳಿದ್ದಳು," ಅಂದ,
"ಸೈಕಲ್ಲಿನ ಹ್ಯಾಂಡಲಿಗೆ ಚೀಲ ಸಿಕ್ಕಿಸಿಕೊಂಡು
ಗದ್ದೆಯ ಬದುವಿನ ಮೇಲೇ ಬರುತ್ತಿದ್ದಳು.
ನಾನು ನೀಲಿಗಟ್ಟಿ ಹುಟ್ಟಿದೆನಂತೆ, ಅಳಲೇ ಇಲ್ಲವಂತೆ.
ಬಾಯಿಗೆ ಬಾಯಿಟ್ಟು ಲೋಳೆಯನ್ನೆಲ್ಲ ಹೀರಿ
ಪಕ್ಕಕ್ಕೆ ಉಗಿದಳಂತೆ."

ಜ್ಞಾನಸ್ನಾನದ ಪುಸ್ತಕ ಅವನ ಬೀರುವಿನಲ್ಲೇ ಇದೆ.
ಅಪ್ಪನ ಹೆಸರಿದೆ, ಅಮ್ಮನದಿದೆ,
ಕುಡಿದು ಬಂದಿದ್ದ ಜ್ಞಾನತಂದೆಯದೂ ಇದೆ.

ಬಿಷಪ್ಪರ ಕಚೇರಿಯಿಂದ ಪತ್ರ:
ಮೇಲಿನ ಕಂದಿಗೂ ಮುನ್ನೂರು ವರ್ಷ,
ಅದೂ ಇತಿಹಾಸವೇ,
ಮುಂದಿನ ಅಪ್ಪಣೆಯವರೆಗೆ ಕೈ ಹಚ್ಚಬೇಡಿ.
ಸರಿ. ಮುಖ ಇನ್ನೂ ಒಳಗೇ ಇದೆ.
ಚೂರಿ ಒರೆಸಿ ಪೆಟ್ಟಿಗೆಗಿಟ್ಟೆ.

ಎವಾಜಿಯೊ ದೀಪ ಆರಿಸುವುದಿಲ್ಲ.
ಹತ್ತಿಯ ಕಡ್ಡಿಯೊಂದನ್ನು ಎತ್ತಿಕೊಳ್ಳುತ್ತಾನೆ.
"ಬೋಗುಣಿಯ ಅಂಚಿಗೆ
ಇನ್ನೂ ಸ್ವಲ್ಪ ಮಸಿ ಹತ್ತಿದೆ," ಎಂದು
ನಾಲಗೆ ಚಾಚುತ್ತಾನೆ.
ಕೋಟು ಹುಡುಕುವ ನೆಪದಲ್ಲಿ
ನಾನು ಆ ಕಡೆ ತಿರುಗುತ್ತೇನೆ.