ಗುಡಿಸುವ ವಾರ

ಅಂಗೈಯಗಲದ ಹಲಗೆ, ಅದಕ್ಕೊಂದು ಸೆಣಬಿನ ದಾರ.
ಯಾರ ಬಾಗಿಲ ಹಿಡಿಕೆಗೆ ತೂಗುತ್ತದೋ
ಆ ವಾರ ಮೆಟ್ಟಿಲು ಅವರದು.
ಸ್ಟುಟ್‌ಗಾರ್ಟಿನ ಏರುಬೀದಿಯ ಈ ಕಟ್ಟಡದಲ್ಲಿ
ಆರು ಮನೆ, ಐವತ್ತೆರಡು ಮೆಟ್ಟಿಲು.
ಪೊಲೀಸರು ಬಂದದ್ದನ್ನು ಯಾರೂ ಕಂಡಿಲ್ಲ.

ಬರುವುದಾದರೂ ಏಕೆ?
ಕೆಳಮನೆಯಲ್ಲಿ ಹೆಡ್ವಿಗ್ ಮೌಚ್ ಇದ್ದಳು.
ಬೈದವಳಲ್ಲ. ಶನಿವಾರ ಮಧ್ಯಾಹ್ನ
ಕಟಕಟೆಯ ಮೇಲೆ ಒಂದೇ ಒಂದು ಬೆರಳು ಎಳೆದು
ಬೆರಳ ತುದಿಯನ್ನು ನೋಡಿಕೊಳ್ಳುವಳು,
ಯಾರದೋ ಜಾತಕ ನೋಡುವ ಹಾಗೆ.
ಆಮೇಲೆ, "ಶುಭ ದಿನ."
ಆ ಶುಭಕ್ಕೆ ನನ್ನ ಕಿವಿ ಸುಡುತ್ತಿತ್ತು.

ಅಸ್ಮಾರಾದಿಂದ ಹಬ್ತೋಮ್ ಬಂದ, ಮೂರನೇ ಮಹಡಿಗೆ.
ಹಲಗೆಯನ್ನು ಉಡುಗೊರೆ ಅಂದುಕೊಂಡು
ಒಳಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.
ಮೂರು ವಾರ ಮೆಟ್ಟಿಲ ಮೇಲೆ ಧೂಳು ಹಾಯಾಗಿ ಕೂತಿತು.
ಮೂರು ವಾರ ಅವನಿಗೆ ಯಾರೂ ಏನೂ ಅನ್ನಲಿಲ್ಲ,
ನಮಸ್ಕಾರವನ್ನೂ.

ನಾಲ್ಕು ಜನ ಏನಂದಾರು ಅನ್ನುತ್ತಾರಲ್ಲ,
ಇಲ್ಲಿ ಆ ನಾಲ್ಕು ಜನ ಏನೂ ಅನ್ನುವುದಿಲ್ಲ.
ಕಾಲೇಜಿನಲ್ಲಿ ಇದಕ್ಕೊಂದು ಉದ್ದನೆಯ ಹೆಸರು ಕಲಿತಿದ್ದೆ,
ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೆ.

ನಾಲ್ಕನೇ ಶನಿವಾರ
ಹಬ್ತೋಮ್ ಬಕೆಟ್ಟಿನೊಂದಿಗೆ ಮಂಡಿಯೂರಿದ್ದ.
ಯಾರು ಹೇಳಿದರು, ಕೇಳಿದೆ.
"ಯಾರೂ ಹೇಳದೆ ಇದ್ದರಲ್ಲ,
ಅದು ಕೇಳಿಸಿತು."

ಫೆಬ್ರವರಿಯಲ್ಲಿ ಮೌಚ್ ಸತ್ತಳು.
ಹಲಗೆ ಆಗ ಅವಳ ಬಾಗಿಲಲ್ಲೇ ಇತ್ತು.
ಸತ್ತವರ ಸರದಿ ಯಾವತ್ತು ಮುಗಿಯುತ್ತದೆಂದು
ಬಾಡಿಗೆ ಪತ್ರದಲ್ಲಿ ಬರೆದಿರಲಿಲ್ಲ.
ಯಾರೂ ಮುಟ್ಟಲಿಲ್ಲ.
ಆದರೂ ಮೆಟ್ಟಿಲು ಹೊಳೆಯಿತು,
ಅವಳಿದ್ದಾಗ ಹಾಗೆ ಹೊಳೆದದ್ದಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ, ಬರಿಗಾಲಲ್ಲಿ,
ದೀಪ ಹಚ್ಚದೆ ಒರೆಸುತ್ತ ಇಳಿಯುತ್ತಿದ್ದೆ.
ಮೊದಲ ಮಹಡಿಯ ತಿರುವಿನಲ್ಲಿ ಗೆರ್ಲಾಖ್ ಮೇಷ್ಟ್ರು
ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದರು.
ನಾನೂ ಅಡಗಿಸಿದೆ.
ಕಳ್ಳರ ಹಾಗೆ ದಾರಿ ಬಿಟ್ಟುಕೊಂಡೆವು.
ಇಬ್ಬರ ಹಿಂದೆಯೂ ನೀರು ತೊಟ್ಟಿಕ್ಕುತ್ತಿತ್ತು.

ಮೇ ತಿಂಗಳಲ್ಲಿ ಕೆಳಮನೆಗೆ ಹೊಸಬರು,
ಗ್ದಾನ್ಸ್ಕ್ ಕಡೆಯ ಹುಡುಗ ಹುಡುಗಿ.
ಬಾಗಿಲು ತೆರೆದಿಟ್ಟು ನಗುತ್ತಾರೆ,
ಶೂಗಳನ್ನು ಹೊರಗೆ ಬಿಡುತ್ತಾರೆ.
ಹುಡುಗಿ ಹಲಗೆಯನ್ನು ದಾರದಿಂದ ತಿರುಗಿಸುತ್ತ ಕೇಳಿದಳು:
"ಚೆಂದ ಇದೆ. ಏನಿದು?"

ಹಬ್ತೋಮ್ ನನ್ನನ್ನು ನೋಡಿದ.
ಅವಳ ಶೂಗಳಿಂದ ಉದುರಿದ ಮಣ್ಣನ್ನು ನಾನು ನೋಡಿದೆ.

"ಶುಭ ದಿನ" ಅಂದೆವು,
ಇಬ್ಬರೂ ಒಟ್ಟಿಗೆ.