ಸರದಿ ಪುಸ್ತಕ

ಈ ವರ್ಷ ಸರದಿ ಪುಸ್ತಕ ನನ್ನ ಕೈಯಲ್ಲಿದೆ.
ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಸಾಲು,
ನಡುವೆ ಒಂದರ ಮೇಲೆ ಸೂಪಿನ ಕಲೆ.

ಮಂಗಳವಾರದ ವ್ಯಾನಿನಿಂದ ಒಬ್ಬನೇ ಇಳಿದ.
ಉದ್ದನೆಯವನು, ಏದುಸಿರು, ತುಟಿ ನೀಲಿ.
ಕೋಕಾ ಎಲೆಯ ಕಷಾಯ ಕೊಟ್ಟು ಕೂರಿಸಿ
ಬೆರಳಿಟ್ಟು ನೋಡಿದೆ: ನಜಾರಿಯಾಳ ಮನೆ.
ಮೆಲಿತೋನ್ ಹಲ್ಲು ಕಡಿದ.
ಅವನ ಹೊಸ ಹಾಸಿಗೆ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದೆ.
ಹೋದ ತಿಂಗಳು ರಸ್ತೆಯ ತಿರುವಿನಲ್ಲಿ
ತನ್ನದೇ ಬೋರ್ಡು ನೆಟ್ಟಿದ್ದ, ಬಿಸಿನೀರು ಉಂಟು ಎಂದು.
ಸಭೆ ಸೇರಿ ಕೀಳಿಸಿದೆವು.
ಹಲಗೆ ಈಗ ದೊಡ್ಡಿಯ ಬಾಗಿಲು;
ಬಿಸಿನೀರು ಉಂಟು ಅನ್ನುತ್ತಲೇ ಇದೆ,
ಲಾಮಾಗಳಿಗೆ.

ಜೂನ್. ಹುಲ್ಲಿನ ಮೇಲೆ ಹರಡಿದ ಆಲೂಗಡ್ಡೆ
ರಾತ್ರಿಯಿಡೀ ಹೆಪ್ಪುಗಟ್ಟಿ ಕಲ್ಲಾಗಿ
ಬೆಳಗಿನ ಬಿಸಿಲಿಗೆ ಮೆತ್ತಗಾಗಿ
ಬರಿಗಾಲಿಗೆ ಕಾಯುವ ಕಾಲ.
ನೋಡಲು ಬಂದವನನ್ನು ನಜಾರಿಯಾ
ಬರೀ ನೋಡಲು ಬಿಡಲಿಲ್ಲ. "ಬೂಟು ಕಳಚು."
ತುಳಿದ. ತಣ್ಣೀರು ಪಿಚಕ್ಕೆಂದು ಚಿಮ್ಮಿತು.
ಕಿರುಚಿದ. ನಕ್ಕೆವು. ಮತ್ತೆ ತುಳಿದ.
ಮಧ್ಯಾಹ್ನ ಗಂಟುಗಂಟಾದ ಗಡ್ಡೆಯೊಂದನ್ನು
ಸುಲಿಯಲು ಕೊಟ್ಟರೆ ಅರ್ಧ ಗಂಟೆ ಒದ್ದಾಡಿದ.
ಸೊಸೆಯನ್ನು ಅಳಿಸುವುದು, ಅದರ ಹೆಸರು.
"ಹಾಗಾದರೆ ನಾನು?"
"ಪಾಸಾಗಲಿಲ್ಲ" ಎಂದಳು ನಜಾರಿಯಾ,
ಥೇಟು ಅತ್ತೆಯ ಹಾಗೆ.

ಅವನು ಕೊಟ್ಟ ದುಡ್ಡು ಮೂರು ಪಾಲು:
ಅವಳಿಗೆ, ನೀರಿನ ಪೈಪಿಗೆ, ಶಾಲೆಯ ಸೂರಿಗೆ.
ಅದು ಸುಲಭ. ಮೂರು ಅಂಕಣ.
ಹೋದ ಮೇಲೆ ಸಿಕ್ಕಿದ್ದು ದಿಂಬಿನಡಿಯ ಮಡಚಿದ ನೋಟು.
ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದು ತಂದು
ನನ್ನ ಮುಂದಿಟ್ಟಳು: ಬರಕೋ.
ಎಲ್ಲಿ ಬರೆಯಲಿ? ಅದಕ್ಕೆ ಅಂಕಣವಿಲ್ಲ.
ಅವನು ತುಳಿದ ಬೆಳಗಿಗೂ ಇಲ್ಲ.
ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನದರಲ್ಲಿ ನೀನು,
ಮುಯ್ಯಿ ತೀರಬೇಕಲ್ಲ.
ಅವನ ಹೊಲ ಯಾವ ದೇಶದಲ್ಲಿದೆಯೋ,
ಹೊಲ ಅಂತ ಇದೆಯೋ.

ವ್ಯಾನು ಹತ್ತುವಾಗ ಅಂದಿದ್ದ:
"ಮುಂದಿನ ವರ್ಷವೂ ಇದೇ ಮನೆಗೆ."
"ಇಲ್ಲಪ್ಪ, ಸರದಿ ಯಾರದೋ ಅವರ ಮನೆಗೆ."
ಬೇಡವಾದೆನೇ ಎಂಬಂತೆ ನೋಡಿದ.
ಅವಳು ಅವನ ಕೊರಳಿನ ಶಾಲು ಬಿಗಿ ಮಾಡಿದಳು.

ಕೊನೆಯ ಹಾಳೆಯಲ್ಲಿ, ಗೆರೆಗಳ ಆಚೆ,
ಪೆನ್ಸಿಲಿನಲ್ಲಿ ಬರೆದಿದ್ದೇನೆ:
ಉದ್ದನೆಯವನು. ಎರಡು ಕಾಲು, ಒಂದು ಬೆಳಗು.
ನಾವು ಕೊಡಬೇಕಾದದ್ದು.

ನೋಟು ಉಪ್ಪಿನ ಡಬ್ಬಿಯಡಿ ಇದೆ, ಸಭೆಯ ತನಕ.
ಮೆಲಿತೋನ್ ದಿನಕ್ಕೆರಡು ಸಲ
ಉಪ್ಪು ಕೇಳಿಕೊಂಡು ಬರುತ್ತಾನೆ.