ಹದಿಮೂರೂವರೆ ಕಿಲೋ

ಈ ಗಾಡಿಯಲ್ಲಿ ಎಂಜಿನು ಮನೆಯೊಳಗೇ ಉಂಟು ಮಾರಾಯ್ರೆ.
ಎರಡು ಸೀಟಿನ ನಡುವೆ ಒಂದು ಗೂನು,
ಅದರ ಮುಚ್ಚಳ ತೆಗೆದರೆ ಎಂಟು ಸಿಲಿಂಡರು,
ನಾಲ್ಕು ಈ ಕಡೆ, ನಾಲ್ಕು ಆ ಕಡೆ,
ಜಗಳ ಆಡಿ ಬೆನ್ನು ತಿರುಗಿಸಿ ಕೂತ ಹಾಗೆ.
ಹಿಂದೆ ಮಂಚ, ಗ್ಯಾಸಿನ ಒಲೆ, ಕಿಟಕಿಗೆ ಹೂವಿನ ಪರದೆ.
ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ
ಚಪ್ಪಲಿ ಹೊರಗೆ ಬಿಟ್ಟು ಸ್ಪ್ಯಾನರ್ ಹಿಡಿದೆ.

ನನ್ನದು ಬೋಟಿನ ಕೆಲಸ, ಹೊಯ್ಗೆ ಬಜಾರಿನಲ್ಲಿ.
ಡೀಸೆಲ್ ಅಂದರೆ ನನಗೆ ನೆರೆಮನೆಯವರು.
ಈ ಪೆಟ್ರೋಲು ಮುದುಕಿ ಯಾವ ದೇಶದ್ದೋ,
ಯಾರು ಹಡಗಿನಲ್ಲಿ ತಂದರೋ, ಯಾಕೆ ಬಿಟ್ಟು ಹೋದರೋ,
ಎಮ್ರೆನ್ಸ್ ಬಾಯಿಗೂ ಗೊತ್ತಿಲ್ಲ.
"ಗುಜರಿಯವನ ಹತ್ತಿರ ಇತ್ತು ದೂಮಣ್ಣ,
ಓವನ್ ಇಡುವಷ್ಟು ಜಾಗ ಇತ್ತು, ತಗೊಂಡೆ."
ಉಪವಾಸದ ನಲವತ್ತು ದಿನ ಕೇಕಿಗೆ ಗಿರಾಕಿ ಇಲ್ಲ.
ಈಸ್ಟರಿಗೆ ಗಾಡಿ ಓಡಬೇಕು.

ಕಾಯಿಲೆ ಉಸಿರಿನದ್ದು.
ಎಲ್ಲಿಂದಲೋ ಕಳ್ಳಗಾಳಿ ಎಳೆದುಕೊಳ್ಳುತ್ತದೆ,
ನಿಂತಲ್ಲೇ ಸಿಳ್ಳೆ ಹಾಕುತ್ತದೆ, ನಡುಗುತ್ತದೆ, ಸಾಯುತ್ತದೆ.
ಮ್ಯಾನಿಫೋಲ್ಡು ಎತ್ತಿದೆವು, ನಾನೂ ಸಿನಾನನೂ,
ಎರಕದ ಕಬ್ಬಿಣ, ಅರೆ ಮುಡಿ ಅಕ್ಕಿಯ ಭಾರ.
ಕೆಳಗಿನ ಗ್ಯಾಸ್ಕೆಟು, ಸೀದ ದೋಸೆ ಕಾವಲಿ ಬಿಡದ ಹಾಗೆ.
ನಡುವಿನ ತಗ್ಗಿಗೆ ನನ್ನ ಹಳೆ ಲುಂಗಿ ತುರುಕಿ
ಬ್ಲೇಡಿನಲ್ಲಿ ಕೆರೆದದ್ದು ಇಡೀ ಒಂದು ಮಧ್ಯಾಹ್ನ;
ಒಂದು ಚೂರು ಒಳಗೆ ಬಿದ್ದರೂ
ಎಣ್ಣೆಯ ದಾರಿ ಹಿಡಿದು ಎಲ್ಲಿಗೂ ಹೋದೀತು.
ಹೊಸದು ಈ ಊರಲ್ಲಿ ಎಲ್ಲಿ ಸಿಗಬೇಕು?
ಶೀಟನ್ನು ಅಂಚಿಗೆ ಒತ್ತಿ ಹಿಡಿದು
ಸುತ್ತಿಗೆಯ ಗುಂಡುತಲೆಯಲ್ಲಿ ಟಕ್ ಟಕ್ ಟಕ್,
ಆಕಾರ ತಾನೇ ಕತ್ತರಿಸಿಕೊಂಡು ಬೀಳುತ್ತದೆ.
ಯಾರೂ ಕಲಿಸಿದ್ದಲ್ಲ ಇದು, ನೋಡಿ ಕದ್ದದ್ದು.

ಎರಡು ತುದಿಗೆ ಕಾರ್ಕು ಬೇಡ, ಜಾರುತ್ತದೆ.
ಅಲ್ಲಿಗೆ ಸಿಲಿಕೋನು, ಹಿಡಿಸೂಡಿ ಕಡ್ಡಿಗಿಂತ ದಪ್ಪ, ಒಂದೇ ಗೆರೆ,
ಮೂಲೆ ಹತ್ತಿ ಇಳಿಯಬೇಕು, ಎಲ್ಲಿಯೂ ತುಂಡಾಗಬಾರದು.
ಟ್ಯೂಬು ಹಿಡಿದೆ.
ಗೆರೆ ನಡುಗಿತು.
ಒರೆಸಿದೆ. ಮತ್ತೆ ಎಳೆದೆ. ಮತ್ತೆ.
"ಎಂತ ಸೆಖೆ," ಅಂದೆ ಸಿನಾನನಿಗೆ.
ಅವನು ಫ್ಯಾನು ನನ್ನ ಕಡೆ ತಿರುಗಿಸಿದ, ಪಾಪ.

ಬಾಯಿ ಬಾಗಿಲಲ್ಲಿ ನಿಂತಿದ್ದರು.
ಏನೂ ಹೇಳದೆ ಟ್ಯೂಬು ನನ್ನ ಕೈಯಿಂದ ತೆಗೆದುಕೊಂಡು
ಮೂತಿಯನ್ನು ಓರೆಗೆ ಕತ್ತರಿಸಿ,
ಒಂದು ಉಸಿರು ಬಿಟ್ಟು, ಇನ್ನೊಂದು ಹಿಡಿದು,
ಎಳೆದರು
ಮದುವೆ ಕೇಕಿನ ಅಂಚಿಗೆ ಎಳೆದ ಹಾಗೆ,
ಮೂಲೆಯಲ್ಲಿ ಕೈ ನಿಲ್ಲಿಸದೆ, ಕಪ್ಪು ಐಸಿಂಗು.
ಕೊನೆಗೆ ಮಣಿಕಟ್ಟು ಅಭ್ಯಾಸಬಲಕ್ಕೆ ಒಂದು ತಿರುವು ಕೊಟ್ಟಿತು,
ಹೂವಿನದೊಂದು ಸಣ್ಣ ಬಾಲ ಉಳಿಯಿತು.
ಅದನ್ನು ನಾನು ಅಳಿಸಲಿಲ್ಲ.

ತಲೆ ಕತ್ತರಿಸಿದ ಎರಡು ಬೋಲ್ಟು ನಿಲ್ಲಿಸಿ
ಅವುಗಳ ಗುಂಟ ನೇರ ಇಳಿಸಿದೆವು.
ಕೂದಲೆಳೆ ಸರಿದರೂ ಬಾಯಿಯ ಗೆರೆ ಹಾಳು.
ಬಿಗಿತ ಅಳೆಯುವ ಸ್ಪ್ಯಾನರ್ ನನ್ನಲ್ಲಿ ಇಲ್ಲ;
ಒಂದಡಿ ಸ್ಪ್ಯಾನರಿನ ತುದಿಗೆ ಮೀನಿನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ
ನಡುವಿನಿಂದ ಹೊರಗೆ, ಎಡ, ಬಲ, ಎಡ,
ಮೊದಲ ಸುತ್ತು ಐದು ಕಿಲೋ, ಒಂದು ಬುಟ್ಟಿ ಬಂಗುಡೆ;
ಎರಡನೆಯದು ಹತ್ತು;
ಮೂರನೆಯದು ಹದಿಮೂರೂವರೆ, ಒಂದು ಒಳ್ಳೆಯ ಅಂಜಲ್.
ಮುಳ್ಳು ಅಲ್ಲಿಗೆ ಬಂದಾಗ ಸಾಕು ಅನ್ನಬೇಕು.
ಸಾಕು ಅನ್ನುವುದೇ ಈ ಕಸುಬಲ್ಲಿ ಕಷ್ಟ.

ರಾತ್ರಿ ಒಣಗಲಿಕ್ಕೆ ಬಿಟ್ಟೆವು.
ಒಣಗುವುದಲ್ಲವಂತೆ ಅದು, ಗಾಳಿಯ ಪಸೆ ಕುಡಿದು ಗಟ್ಟಿಯಾಗುವುದಂತೆ,
ಟ್ಯೂಬಿನ ಮೇಲಿನದ್ದನ್ನು ಸಿನಾನ ಓದಿ ಹೇಳಿದ.
ನನ್ನ ಸ್ಪ್ಯಾನರುಗಳನ್ನು ತಿಂದ, ಡಬ್ಬಿಯಲ್ಲೇ ಉಪ್ಪು ಕರಗಿಸಿದ,
ಬೆನ್ನಿಗೆ ಅಂಗಿ ಅಂಟಿಸಿದ ಈ ಗಾಳಿ!
ಬೈದದ್ದನ್ನೆಲ್ಲ ಇನ್ನು ವಾಪಸು ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ.

ಬೆಳಿಗ್ಗೆ ಬಾಯಿ ಕೀಲಿ ತಿರುಗಿಸಿದರು.
ಮೂರನೆಯ ಸಲಕ್ಕೆ ಹಿಡಿಯಿತು.
ಅಂಚಿಗೆ ಸೋಪಿನ ನೀರು ಸವರಿದೆ, ಎಲ್ಲಿಯೂ ಒಳಗೆ ಎಳೆಯಲಿಲ್ಲ.
ಸಿಳ್ಳೆ ಇಲ್ಲ.
ಒಲೆಯ ಹತ್ತಿರ ತೂಗುಹಾಕಿದ ಚಮಚಗಳು ಮಾತ್ರ
ಒಂದಕ್ಕೊಂದು ತಾಗುತ್ತಾ ಇದ್ದವು.

"ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು," ಅಂದೆ,
"ನಾಡಿದ್ದು ಬರುತ್ತೇನೆ."
"ಬನ್ನಿ," ಅಂದರು, "ಅದಕ್ಕೆ ಮೊದಲು ಆ ಕೈ
ಯಾವುದಾದರೂ ಡಾಕ್ಟರಿಗೆ ತೋರಿಸಿ."
ನಾನು ಚಪ್ಪಲಿ ಹುಡುಕುತ್ತಾ ಇದ್ದೆ,
ಎಂಜಿನಿನ ಸದ್ದಿಗೆ ಕೇಳಿಸದವನ ಹಾಗೆ.